ಕುದುರೆ ಗಾಡಿ ಇರೋ ಕೆನಡಾ ಬೆಳ್ಳಿ ಡಾಲರ್: ಮಾರೋದಾ, ಇಟ್ಟುಕೊಳ್ಳೋದಾ?

ಮಂಡಿಮೊಹಲ್ಲಾ ಹುಡುಗ:
ಸೋದರಮಾವ ಕೆನಡಾದಿಂದ ತಂದುಕೊಟ್ಟಿದ್ದ ನಾಣ್ಯವೊಂದು ಬೀರುವಿನಲ್ಲಿ ಸಿಕ್ಕಿತು. ಒಂದು ಕಡೆ ರಾಣಿ ಎಲಿಜಬೆತ್, ಇನ್ನೊಂದು ಕಡೆ ಕುದುರೆ ಕಟ್ಟಿದ ದೊಡ್ಡ ಸಾರೋಟು, 1992 ಅಂತ ಇದೆ. ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ತೋರಿಸಿದರೆ "ಪ್ಯೂರ್ ಬೆಳ್ಳಿ ಅಲ್ಲ, ಕರಗಿಸೋ ರೇಟ್ ಕೊಡ್ತೀನಿ, ಅದರಲ್ಲೂ ವೇಸ್ಟೇಜ್ ಕಳೀತೀನಿ" ಅಂದರು. ಅಂಚಿನಲ್ಲಿ ಕಪ್ಪಾಗಿದೆ, ಅಮ್ಮ ವಿಭೂತಿ ಹಾಕಿ ಉಜ್ಜಿಕೊಡ್ತೀನಿ ಅಂತ ಕೂತಿದ್ದಾರೆ. ಏನು ಮಾಡಲಿ?

ನಾಣ್ಯಪೆಟ್ಟಿಗೆ:
ಮೊದಲು ಅಮ್ಮನ ಕೈಯಿಂದ ನಾಣ್ಯ ಇಸ್ಕೊಳ್ಳಿ ಗುರು! ವಿಭೂತಿ ದೀಪದ ಕಂಬಕ್ಕೆ ಸರಿ. ಇದರ ಹಿನ್ನೆಲೆ ಕನ್ನಡಿ ಥರ ಹೊಳೆದು ಗಾಡಿಯ ಚಿತ್ರ ಮಾತ್ರ ಮಬ್ಬಾಗಿ ಬೆಳ್ಳಗಿದ್ದರೆ ಅದು ಪ್ರೂಫ್ ನಾಣ್ಯ (ಸಂಗ್ರಹಕ್ಕೆಂದೇ ವಿಶೇಷವಾಗಿ ಅಚ್ಚು ಹಾಕಿದ್ದು), ಒಂದು ಸಲ ಉಜ್ಜಿದರೂ ಸಣ್ಣ ಗೀರು ಬೀಳುತ್ತೆ, ಆಮೇಲೆ ಸಂಗ್ರಹ ಮಾಡುವವರು ಯಾರೂ ಜಾಸ್ತಿ ಕೊಡಲ್ಲ. ಕಪ್ಪು ಅನ್ನೋದು ಗಾಳಿಯಲ್ಲಿರೋ ಗಂಧಕದಿಂದ ಬರೋದು, ಬಿಡಿ.
ಅಂಗಡಿಯವರು ಹೇಳಿದ್ದು ಅರ್ಧ ನಿಜ. ಇದು 92.5% ಬೆಳ್ಳಿ, ಉಳಿದದ್ದು ತಾಮ್ರ. 1971ರಿಂದ 1991ರವರೆಗಿನ ಕೆನಡಾ ಬೆಳ್ಳಿ ಡಾಲರ್‌ಗಳಲ್ಲಿ ಬೆಳ್ಳಿ ಬರೀ 50% ಇತ್ತು, ನಿಮ್ಮದು ಬದಲಾದ ಮೊದಲ ವರ್ಷದ್ದು. ತೂಕ 25.175 ಗ್ರಾಂ, ಅಂದರೆ ಅಪ್ಪಟ ಬೆಳ್ಳಿ ಸುಮಾರು 23.3 ಗ್ರಾಂ. ಅವತ್ತಿನ ರೇಟಿಗೆ ಗುಣಿಸಿ, ಅದಕ್ಕಿಂತ ಕಮ್ಮಿಗೆ ಕೊಡಬೇಡಿ.

ಸಕ್ಕರೆನಾಡು:
ಅಸಲಿಯಾ ಅಂತ ಮನೆಯಲ್ಲೇ ನೋಡಬಹುದು. ಗ್ರಾಂ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿ. ತಕ್ಕಡಿ ತೋರಿಸೋದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ, ಅದು 2.4 ಗ್ರಾಂ ಆಸುಪಾಸು ಇರಬೇಕು. 2.8 ಬಂತು ಅಂದರೆ ಬೆಳ್ಳಿಗಿಂತ ಹಗುರವಾದ ಲೋಹ ಇರಬಹುದು, ಅನುಮಾನ ಪಡಿ.

ಹಳೇ ಜಟಕಾ:
ನಾಣ್ಯದ ಮೇಲಿರೋದು ಕೆನಡಾದ ಕಿಂಗ್‌ಸ್ಟನ್‌ನಿಂದ ಯಾರ್ಕ್‌ಗೆ ಓಡುತ್ತಿದ್ದ ಗಾಡಿ. 1817ರಲ್ಲಿ ಶುರುವಾಯಿತು, 175 ವರ್ಷದ ನೆನಪಿಗೆ ನಾಣ್ಯ. ಯಾರ್ಕ್ ಅಂದರೆ ಈಗಿನ ಟೊರಾಂಟೊ. ದಾರಿ ಹೆಚ್ಚುಕಮ್ಮಿ 260 ಕಿಲೋಮೀಟರ್, ಅಂದರೆ ಮೈಸೂರಿಂದ ಬೆಂಗಳೂರಿಗೆ ಹೋಗಿ ವಾಪಸ್ ಮಂಡ್ಯ ದಾಟಿದಷ್ಟು, ಅದೂ ಕುದುರೆ ಗಾಡಿಯಲ್ಲಿ! ಅರಮನೆ ಹತ್ತಿರದ ನಮ್ಮ ಟಾಂಗಾದವರು ಕೇಳಿದರೆ ನಗ್ತಾರೆ. ನಮ್ಮ ಟಾಂಗಾಕ್ಕೂ ಇಂಥ ಒಂದು ನಾಣ್ಯ ಬರಬೇಕು ಸ್ವಾಮಿ.

ಮಂಡಿಮೊಹಲ್ಲಾ ಹುಡುಗ:
ತೂಕ 25.2, ನೀರಲ್ಲಿ 2.4 ಬಂತು. ಮಾರಲ್ಲ. ಪ್ಲಾಸ್ಟಿಕ್ ಕವರ್‌ನಲ್ಲಿ ಇಡಬಹುದಾ?

ನಾಣ್ಯಪೆಟ್ಟಿಗೆ:
ಮೆತ್ತಗಿರೋ ಪಿವಿಸಿ ಕವರ್ ಬೇಡ, ವರ್ಷ ಕಳೆದರೆ ಹಸಿರು ಅಂಟು ಹತ್ತುತ್ತೆ. 36 ಮಿಲಿಮೀಟರ್ ಗಟ್ಟಿ ಕ್ಯಾಪ್ಸೂಲ್ ಆನ್‌ಲೈನಲ್ಲಿ ಸಿಗುತ್ತೆ, ಅಂಚು ಹಿಡಿದು ಹಾಕಿ.