ಇನ್‌ಸ್ಟಾಲ್-ಮಾಡ್ಯೂಲ್ ಕೊಟ್ಟರೆ ಇಂಟರ್ನೆಟ್ ಇಲ್ಲ ಅನ್ನುತ್ತೆ, ಬ್ರೌಸರ್‌ನಲ್ಲಿ ಎಲ್ಲಾ ತೆರೆಯುತ್ತೆ!

ಪ್ರಶ್ನೆ:
ನಿನ್ನೆ ಮಧ್ಯಾಹ್ನದಿಂದ ತಲೆ ಕೆಟ್ಟು ಕೂತಿದೀನಿ. ವಿಂಡೋಸ್ ಸರ್ವರ್ 2016, ಪವರ್‌ಶೆಲ್ 5.1 (ವಿಂಡೋಸ್‌ಗೆ ಕಮಾಂಡ್ ಕೊಡೋ ಕಿಟಕಿ). ಇನ್‌ಸ್ಟಾಲ್-ಮಾಡ್ಯೂಲ್ ಕಮಾಂಡ್ ಕೊಟ್ಟು ಒಂದು ಮಾಡ್ಯೂಲ್ (ಹೆಚ್ಚುವರಿ ಕಮಾಂಡ್‌ಗಳ ಕಟ್ಟು) ಹಾಕೋಕೆ ಹೋದೆ. ಅದನ್ನ ಇಳಿಸಿಕೊಳ್ಳೋಕೆ ನ್ಯೂಗೆಟ್ ಪ್ರೊವೈಡರ್ ಅನ್ನೋ ಸಹಾಯಕ ತಂತ್ರಾಂಶ 2.8.5.201 ಬೇಕು, ಹಾಕಲಾ ಅಂತ ಕೇಳ್ತು. ವೈ ಒತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಳದಿ ಅಕ್ಷರದಲ್ಲಿ ಎರಡು ಸಾಲು: ಡೌನ್‌ಲೋಡ್ ಆಗಲಿಲ್ಲ, ಇಂಟರ್ನೆಟ್ ಸಂಪರ್ಕ ನೋಡಿಕೊಳ್ಳಿ. ಅದನ್ನೇ ನಂಬಿ ಫೈರ್‌ವಾಲ್ ಟೀಮಿನವರ ಬೆನ್ನು ಬಿದ್ದೆ, ಟಿಕೆಟ್ ಹಾಕಿದೆ, ಸ್ವಲ್ಪ ಜೋರಾಗಿಯೇ ಬರೆದೆ. ಅವರು ಲಾಗ್ ತೆಗೆದು ತೋರಿಸಿ "ನಾವೇನೂ ತಡೆದಿಲ್ಲ" ಅಂದರು. ಪ್ರಾಕ್ಸಿ ತೆಗೆದೆ, ಮತ್ತೆ ಹಾಕಿದೆ. ಅದೇ ಮಷಿನ್‌ನ ಬ್ರೌಸರ್‌ನಲ್ಲಿ ಪವರ್‌ಶೆಲ್ ಗ್ಯಾಲರಿ (ಮಾಡ್ಯೂಲ್‌ಗಳು ಸಿಗೋ ತಾಣ) ಆರಾಮಾಗಿ ತೆರೆಯುತ್ತೆ. ಹೊಟ್ಟೆ ಉರಿಯೋದೇ ಅದಕ್ಕೆ.

ಉತ್ತರ 1:
ಫೈರ್‌ವಾಲ್‌ನವರನ್ನ ಬಿಟ್ಟುಬಿಡಿ, ಪಾಪ. ಪವರ್‌ಶೆಲ್‌ನಲ್ಲಿ [Net.ServicePointManager]::SecurityProtocol ಅಂತ ಕೊಟ್ಟು ಬೆಲೆ ಏನಿದೆ ನೋಡಿ, ಸುರಕ್ಷಿತ ಸಂಪರ್ಕಕ್ಕೆ ಯಾವ ಪ್ರೋಟೊಕಾಲ್ ಬಳಸಬೇಕು ಅನ್ನೋ ಸೆಟ್ಟಿಂಗ್ ಅದು. "ಎಸ್‌ಎಸ್‌ಎಲ್3, ಟಿಎಲ್‌ಎಸ್" ಅಂತ ಬಂದರೆ ಕಳ್ಳ ಸಿಕ್ಕಿದ. ಇವೆರಡೂ ಸಂಪರ್ಕವನ್ನ ಗುಪ್ತವಾಗಿಡೋ ಹಳೇ ಪ್ರೋಟೊಕಾಲ್‌ಗಳು. ಬರೀ "ಟಿಎಲ್‌ಎಸ್" ಅಂದರೆ 1.0, ಅದು 1999ರದು. ಗ್ಯಾಲರಿಯವರು 2020ರ ಏಪ್ರಿಲ್‌ನಲ್ಲೇ 1.0, 1.1 ಎರಡನ್ನೂ ನಿಲ್ಲಿಸಿದರು. ನಿಮ್ಮ ವಿಂಡೋಸ್‌ಗೆ 1.2 ಗೊತ್ತು, ಬ್ರೌಸರ್ ಅದನ್ನೇ ಬಳಸುತ್ತೆ. ಪವರ್‌ಶೆಲ್ ಕೆಳಗೆ ಇರೋ ಡಾಟ್‌ನೆಟ್ ಮಾತ್ರ ಹಳೇ ಚಾಳಿ ಬಿಟ್ಟಿಲ್ಲ. ಆ ಬೆಲೆಗೆ ಟಿಎಲ್‌ಎಸ್12 (ಅಂದರೆ 1.2) ಸೇರಿಸಿ ಮತ್ತೆ ಪ್ರಯತ್ನಿಸಿ. ಸಮ ಚಿಹ್ನೆ ಹಾಕಿ ಟಿಎಲ್‌ಎಸ್12 ಒಂದನ್ನೇ ತುಂಬಬೇಡಿ, -bor ಆಪರೇಟರ್ ಬಳಸಿ ಇದ್ದದ್ದಕ್ಕೆ ಸೇರಿಸಿ. ಇಲ್ಲದಿದ್ದರೆ ಅದೇ ಸ್ಕ್ರಿಪ್ಟ್ ಯಾವುದಾದರೂ ಹಳೇ ಸರ್ವರ್ ಜೊತೆ ಮಾತಾಡ್ತಿದ್ದರೆ ಅದು ಮುರಿದುಬೀಳುತ್ತೆ.

ಪ್ರಶ್ನೆ ಕೇಳಿದವರು:
ಒಂದೇ ಏಟಿಗೆ ಆಯ್ತು! ಆದರೆ ಖುಷಿ ಒಂದು ರಾತ್ರಿ ಮಾತ್ರ. ಬೆಳಗ್ಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಓಡೋ ಅಪ್‌ಡೇಟ್ ಸ್ಕ್ರಿಪ್ಟ್ ಅದೇ ಎರರ್ ಕಕ್ಕಿದೆ.

ಉತ್ತರ 1:
ಆ ಸಾಲಿನ ಆಯುಸ್ಸು ಆ ಕಿಟಕಿ ಮುಚ್ಚೋವರೆಗೆ ಅಷ್ಟೆ. ಶಾಶ್ವತವಾಗಿ ಬೇಕಂದ್ರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡೋ ಜಾಗ) ಡಾಟ್‌ನೆಟ್ ಫ್ರೇಮ್‌ವರ್ಕ್‌ನ ವಿ4.0.30319 ಕೀ ಒಳಗೆ SchUseStrongCrypto ಅಂತ DWORD (ಸಂಖ್ಯೆಯ ನಮೂದು) ಮಾಡಿ 1 ಕೊಡಿ. ವಾವ್6432ನೋಡ್ (32-ಬಿಟ್ ಪ್ರೋಗ್ರಾಂಗಳು ನೋಡೋ ಭಾಗ) ಕೆಳಗೂ ಅದೇ ಕೀ ಇದೆ, ಅಲ್ಲೂ ಹಾಕಿ. ಆಮೇಲೆ ಹೊಸ ಕಿಟಕಿ ತೆರೆದು ನೋಡಿ, ಹಳೇದರಲ್ಲಿ ಗೊತ್ತಾಗಲ್ಲ.

ಉತ್ತರ 2:
ಪೈಥಾನ್‌ಗೆ ಪ್ಯಾಕೇಜ್ ಹಾಕೋ ಪಿಪ್‌ನಲ್ಲಿ ಇದೇ ಕಾಟ ಅಂತ ಬರೋರಿಗೆ: ಅಲ್ಲಿ ಮೊದಲು ಓಪನ್‌ಎಸ್‌ಎಸ್‌ಎಲ್ (ಪೈಥಾನ್‌ಗೆ ಟಿಎಲ್‌ಎಸ್ ಒದಗಿಸೋ ಲೈಬ್ರರಿ) ಆವೃತ್ತಿ ನೋಡಿ. ನಾನು ಒಂದು ಹಳೇ ಮಷಿನ್‌ನಲ್ಲಿ ಅರ್ಧ ದಿನ ಸೆಟ್ಟಿಂಗ್ ಹುಡುಕಿದೆ, ಅಲ್ಲಿದ್ದದ್ದು 0.9.8. ಟಿಎಲ್‌ಎಸ್ 1.2 ಬಂದಿದ್ದೇ ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ. ಇಲ್ಲದ್ದನ್ನ ಆನ್ ಮಾಡೋದು ಹೇಗೆ? ಪೈಥಾನನ್ನೇ ಹೊಸದಾಗಿ ಹಾಕಬೇಕಾಯ್ತು.

ಪ್ರಶ್ನೆ ಕೇಳಿದವರು:
ವಾವ್6432ನೋಡ್ ಬೇಡ ಬಿಡು ಅಂದುಕೊಂಡು ಮೊದಲ ಸಲ ಹಾಕಿರಲಿಲ್ಲ. ನೋಡಿದರೆ ಶೆಡ್ಯೂಲರ್ ಕರೀತಿದ್ದದ್ದೇ 32-ಬಿಟ್ ಪವರ್‌ಶೆಲ್. ಅಲ್ಲೂ ಹಾಕಿದ ಮೇಲೆ ಸ್ಕ್ರಿಪ್ಟ್ ಓಡಿತು. ಈಗ ಆ ಫೈರ್‌ವಾಲ್ ಟಿಕೆಟ್ ಮುಚ್ಚಬೇಕು, ಕಾರಣದ ಜಾಗದಲ್ಲಿ ಏನು ಬರೀಲಿ ಅಂತ ಕೂತಿದೀನಿ.