ಸಹಾಯ ಬೇಕು: ಹಾಯಿದೋಣಿಯ ಹಿಂಬದಿ ನೀರಿನಲ್ಲಿ ಕೂರುತ್ತಿದೆ

ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ನಾನೂ ಅಣ್ಣನ ಮಗಳೂ ಹಳೆಯದೊಂದು ಎಂಟರ್‌ಪ್ರೈಸ್ ಹಾಯಿದೋಣಿ ನಡೆಸುತ್ತೇವೆ. ಪರಿಚಯವಿಲ್ಲದವರಿಗಾಗಿ: ಇಬ್ಬರು ನಡೆಸುವ, 4.04 ಮೀಟರ್ ಉದ್ದದ, ಸೆಂಟರ್‌ಬೋರ್ಡ್ (ಪಕ್ಕಕ್ಕೆ ಜಾರದಂತೆ ತಳದ ನಡುವಿನಿಂದ ನೀರಿಗಿಳಿಸುವ ಹಲಗೆ) ಇರುವ ದೋಣಿ. ನನ್ನ ತೂಕ 86 ಕಿಲೋ, ಅವಳದು 48. ತೊಂದರೆಯ ಮೂಲ ಅಲ್ಲೇ ಇದೆ.

ಚುಕ್ಕಾಣಿ ನನ್ನ ಕೈಯಲ್ಲಿರುವುದರಿಂದ ಭಾರವೆಲ್ಲ ಹಿಂದಕ್ಕೆ. ಮಂದ ಗಾಳಿಯಲ್ಲಿ ಹಿಂಬದಿಯ ಹಲಗೆ ಮುಳುಗಿ ಗುಳುಗುಳು ಸದ್ದು ಮಾಡುತ್ತದೆ, ವೇಗ ಸತ್ತೇ ಹೋಗುತ್ತದೆ. ನಾನು ಮುಂದೆ ಸರಿದು ಕುಳಿತರೆ ಸದ್ದು ನಿಲ್ಲುತ್ತದೆ. ಆದರೆ ಮೂತಿ ಆಳಕ್ಕಿಳಿದು ದೋಣಿ ಗಾಳಿಯತ್ತ ತಿರುಗಲು ಹಟ ಹಿಡಿಯುತ್ತದೆ, ಚುಕ್ಕಾಣಿಯ ಹಿಡಿಯನ್ನು ಮೊಂಡ ಹೋರಿಯಂತೆ ಎಳೆದು ಹಿಡಿಯಬೇಕು. ಹಾಯಿಗೆ ಆಕಾರ ಬರಲೆಂದು ಗಾಳಿ ಹೋಗುವ ಬದಿಗೆ ತುಸು ವಾಲಿಸಿದರಂತೂ ಎಳೆತ ಇನ್ನೂ ಹೆಚ್ಚು.

ಸೆಂಟರ್‌ಬೋರ್ಡನ್ನು ಸ್ವಲ್ಪ ಮೇಲೆತ್ತಿದರೆ ಅದು ಹಿಂದಕ್ಕೆ ವಾಲಿ ಎಳೆತ ತಗ್ಗಬೇಕು. ಹಾಗೆ ಮಾಡಿದರೆ ಗಾಳಿಗೆದುರು ಸಾಗುವಾಗ ದೋಣಿ ಪಕ್ಕಕ್ಕೆ ಜಾರುವುದಿಲ್ಲವೇ? ಎಷ್ಟು ಎತ್ತುವುದು ಸರಿ? ಅಥವಾ ಮೊದಲು ಕೂವೆಮರದ (ಹಾಯಿ ಕಟ್ಟುವ ಕಂಬದ) ಹಿಂಬಾಗು ಕಡಿಮೆ ಮಾಡಬೇಕೇ? ಅವಳಿಗೇ ಚುಕ್ಕಾಣಿ ಕೊಟ್ಟು ನಾನು ಮುಂದೆ ಕುಳಿತರೆ ಎಲ್ಲವೂ ಬಗೆಹರಿಯುತ್ತದೆ ಎನ್ನುವುದು ಅವಳ ವಾದ. ತೂಕದ ಲೆಕ್ಕದಲ್ಲಿ ಅದು ಸರಿಯೇ, ಒಪ್ಪಲು ಮನಸ್ಸಿಲ್ಲ.

ಮೂತಿಯಲ್ಲಿ ಮರಳಿನ ಚೀಲ ಇಡಿ ಎಂಬ ಸಲಹೆ ದಯವಿಟ್ಟು ಬೇಡ. ದೋಣಿ ವಾಲಿದಾಗ ಅದೂ ಕೆಳಬದಿಗೇ ಉರುಳುತ್ತದೆ. ಆಷಾಢದ ಬಿರುಗಾಳಿಗೆ ಮುನ್ನ ಇದು ಸರಿಹೋಗಬೇಕು. ತೂಕದಲ್ಲಿ ಇಷ್ಟು ಅಂತರವಿರುವ ಜೋಡಿಯಾಗಿ ಹಾಯಿದೋಣಿ ನಡೆಸಿದವರು ಯಾರು ಎಲ್ಲಿ ಕೂರುತ್ತಿದ್ದಿರಿ ಎಂದು ತಿಳಿಸಿ.