ಸ್ಕೂಬಾ ಡೈವಿಂಗ್‌ಗೆ ಮುಂಚೆ ಆತಂಕದ ಮಾತ್ರೆ ತೆಗೆದುಕೊಳ್ಳಬಹುದಾ?

ಹೊಸಮೀನು:
ಓಪನ್ ವಾಟರ್ ಕೋರ್ಸ್ (ಡೈವಿಂಗ್‌ನ ಮೊದಲ ಹಂತದ ತರಬೇತಿ) ಮುಂದಿನ ತಿಂಗಳು ಶುರು. ಐದು ತಿಂಗಳಿಂದ ಆತಂಕಕ್ಕೆ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ ದಿನಾ ನಡೀತಿದೆ, ಡೋಸ್ ಬದಲಾಗಿಲ್ಲ. ತೀರಾ ಗಾಬರಿಯಾದಾಗ ಮಾತ್ರ ಅಂತ ಆಲ್ಪ್ರಜೋಲಮ್ 0.25 ಕೂಡ ಬರೆದುಕೊಟ್ಟಿದ್ದಾರೆ. ನೀರಿಗಿಳಿಯೋ ಅರ್ಧ ಗಂಟೆ ಮುಂಚೆ ಅದನ್ನು ನುಂಗಿದರೆ ತೊಂದರೆ ಇದೆಯಾ? ಅದು ಬೇಡ ಅಂದ್ರೆ ಪ್ರೊಪ್ರನೊಲಾಲ್ (ಎದೆಬಡಿತ ತಗ್ಗಿಸೋ ಮಾತ್ರೆ) ನಡೆಯುತ್ತಾ? ಮೆಡಿಕಲ್ ಫಾರ್ಮ್‌ನಲ್ಲಿ ಇದನ್ನೆಲ್ಲ ಬರೀಲೇಬೇಕಾ?

ನೀಲಿತಳ:
ಆಲ್ಪ್ರಜೋಲಮ್ ಬೇಡವೇ ಬೇಡ. ನುಂಗಿದ ಒಂದೆರಡು ಗಂಟೆಗೆ ಅದು ರಕ್ತದಲ್ಲಿ ಅತಿ ಹೆಚ್ಚಿರುತ್ತದೆ, ಅಂದರೆ ಸರಿಯಾಗಿ ನೀವು ನೀರಿನೊಳಗಿರುವಾಗ. ಅರ್ಧದಷ್ಟು ಇಳಿಯೋಕೆ ಸುಮಾರು 11 ಗಂಟೆ ಬೇಕು, ಹಾಗಾಗಿ ಹಿಂದಿನ ರಾತ್ರಿ ತೆಗೆದುಕೊಂಡಿದ್ದೂ ಬೆಳಗಿನ ಡೈವ್‌ಗೆ ಉಳಿದಿರುತ್ತದೆ. ಇದೇ ಗುಂಪಿನ ಕ್ಲೋನಜೆಪಾಮ್‌ಗೆ ಇದು 30–40 ಗಂಟೆ. ಡಯಜೆಪಾಮ್ ಒಡೆದು ಆಗುವ ವಸ್ತುಗಳು ದಿನಗಟ್ಟಲೆ ಮೈಯಲ್ಲಿರುತ್ತವೆ.

30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಉಸಿರಾಡುವ ಸಾರಜನಕದ ಒತ್ತಡವೂ ಅಷ್ಟೇ ಏರಿ ತಾನಾಗಿಯೇ ಮಂಪರು ತರುತ್ತದೆ, ಮಾತ್ರೆಯ ಮಂಪರು ಅದರ ಮೇಲೆ ಕೂರುತ್ತದೆ. ಕೋರ್ಸ್‌ನಲ್ಲಿ 18 ಮೀಟರ್‌ಗಿಂತ ಕೆಳಗೆ ಹೋಗಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಮಾತ್ರೆ 5 ಮೀಟರ್‌ನಲ್ಲೂ ಕೆಲಸ ಮಾಡುತ್ತಿರುತ್ತದೆ. ಸಿಲಿಂಡರ್‌ನ ಗಾಳಿ ತೋರಿಸುವ ಗೇಜ್‌ನ ಮುಳ್ಳು 50 ಬಾರ್‌ಗೆ (ಗಾಳಿ ಮುಗಿಯುತ್ತಾ ಬಂತು ಅಂತ) ಬಂದಿರುತ್ತದೆ, ಕಣ್ಣು ಅದನ್ನೇ ನೋಡುತ್ತಿರುತ್ತದೆ, ಜೊತೆಗಾರ ಡೈವರ್‌ಗೆ ಸನ್ನೆ ಮಾಡಬೇಕಾದ ಕೈ ಮಾತ್ರ ಏಳಲ್ಲ. ಭಯ ಹೋಗಿರುತ್ತದೆ, ಜೊತೆಗೆ ಎಚ್ಚರವೂ. ನನ್ನ ಪ್ರಕಾರ ಭಯಪಡುವ ಡೈವರ್‌ಗಿಂತ ಈ ಡೈವರ್ ಹೆಚ್ಚು ಅಪಾಯದಲ್ಲಿದ್ದಾರೆ.

ಇದನ್ನು ಓದುವವರಲ್ಲಿ ಯಾರಾದರೂ ಆಲ್ಪ್ರಜೋಲಮ್‌ನಂಥ ಮಾತ್ರೆಯನ್ನು ದಿನಾ ತಗೊಳ್ತಿದ್ದರೆ, ದಯವಿಟ್ಟು ಡೈವಿಂಗ್‌ಗೋಸ್ಕರ ಥಟ್ಟನೆ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಫಿಟ್ಸ್ ಬರಬಹುದು. ನೀರಿನೊಳಗೆ ಫಿಟ್ಸ್ ಅಂದರೆ ಬಾಯಿಂದ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿ ಬಾಯಿಗೆ ಕೊಡುವ ಸಾಧನ) ಜಾರುತ್ತದೆ, ಮುಂದಿನ ಉಸಿರು ನೀರು.

ಅಲೆಮಾಪಕ:
ಎಸ್ಸಿಟಾಲೋಪ್ರಾಮ್ ಬೇರೆ ಲೆಕ್ಕ. ಕೆಲವು ತಿಂಗಳಿಂದ ಒಂದೇ ಡೋಸ್, ತೂಕಡಿಕೆ ತಲೆಸುತ್ತು ಇಲ್ಲ, ಪ್ಯಾನಿಕ್ ಅಟ್ಯಾಕ್ ಹತೋಟಿಯಲ್ಲಿದೆ ಅಂದರೆ ಡೈವಿಂಗ್ ವೈದ್ಯಕೀಯ ತಿಳಿದ ಡಾಕ್ಟರು ಒಪ್ಪುವುದುಂಟು. ಅವರು ಹೆಚ್ಚು ನೋಡುವುದು ಮಾತ್ರೆಯನ್ನಲ್ಲ, ಅದು ಯಾಕೆ ಬೇಕಾಯಿತು ಅನ್ನುವುದನ್ನು. ಎಸ್ಸಿಟಾಲೋಪ್ರಾಮ್ ಗುಂಪಿನ ಔಷಧಿ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುತ್ತದೆ, ನೋವಿನ ಮಾತ್ರೆ ಐಬುಪ್ರೊಫೆನ್ ಸೇರಿದರೆ ಇನ್ನಷ್ಟು. ಆದ್ದರಿಂದ ಕಿವಿ, ಸೈನಸ್ ಒತ್ತಡವನ್ನು ನೋವು ಶುರುವಾಗುವ ಮುಂಚೆಯೇ ಸರಿಮಾಡಿಕೊಳ್ಳಿ. ಖಿನ್ನತೆಗೆ ಬ್ಯುಪ್ರೊಪಿಯಾನ್ ತಗೊಳ್ಳುವವರು ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಬೇಕು, ಅದು ಫಿಟ್ಸ್ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಪ್ರೊಪ್ರನೊಲಾಲ್‌ನಲ್ಲಿ ಮಂಪರು ಕಡಿಮೆ, ನಿಜ. ಆದರೆ ಪ್ರವಾಹದ ಎದುರು ಈಜಬೇಕಾದಾಗ ಹೃದಯ ಬಡಿತ ಏರಲು ಅದು ಬಿಡಲ್ಲ, ಬೇಗ ಸುಸ್ತಾಗುತ್ತೀರಿ. ಅಸ್ತಮಾ ಇದ್ದವರಿಗೆ ಶ್ವಾಸನಾಳವನ್ನೂ ಬಿಗಿಸಬಹುದು. ನೀರಿಗಿಳಿದಾಗ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಬಡಿತ ಏರಿಸಿಕೊಳ್ಳಲಾಗದ ಹೃದಯಕ್ಕೆ ಅದು ಹೊರೆ. ಡೈವ್‌ಗೆಂದೇ ಹೊಸದಾಗಿ ಶುರುಮಾಡುವ ಔಷಧಿ ಅಲ್ಲ ಇದು.

ಫಾರ್ಮ್‌ನಲ್ಲಿ ಬರೀಲೇಬೇಕು. ಮಾನಸಿಕ ಚಿಕಿತ್ಸೆಯ ಬಗ್ಗೆಯೂ, ಡಾಕ್ಟರು ಬರೆದುಕೊಟ್ಟ ಔಷಧಿಯ ಬಗ್ಗೆಯೂ ಪ್ರಶ್ನೆ ಇರುತ್ತದೆ. ಮಲೇರಿಯಾ ಮಾತ್ರೆಗೆ ವಿನಾಯಿತಿ ಇದ್ದರೂ ಮೆಫ್ಲೊಕ್ವಿನ್‌ಗೆ ಇಲ್ಲ, ಯಾಕೆಂದರೆ ಅದೇ ಆತಂಕ ಹುಟ್ಟಿಸಬಹುದು. ‘ಹೌದು’ ಅಂತ ಬರೆದರೆ ಡಾಕ್ಟರ ಸಹಿ ಬೇಕಾಗುತ್ತದೆ, ಅಷ್ಟೇ. ಔಷಧಿಯ ಹೆಸರು, ಡೋಸ್, ಯಾವಾಗಿನಿಂದ, ಕೊನೆಯ ಪ್ಯಾನಿಕ್ ಅಟ್ಯಾಕ್ ಯಾವಾಗ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮುಚ್ಚಿಟ್ಟರೆ ಪಕ್ಕದಲ್ಲಿರುವ ಇನ್‌ಸ್ಟ್ರಕ್ಟರ್‌ಗೆ ಯಾವುದಕ್ಕೆ ಸಿದ್ಧರಾಗಬೇಕು ಅನ್ನೋದೇ ಗೊತ್ತಿರಲ್ಲ.

ಹೊಸಮೀನು:
ಇಬ್ಬರಿಗೂ ಧನ್ಯವಾದ. ಹಾಗಾದರೆ ನೀರಿನೊಳಗೆ ಗಾಬರಿಯಾದರೆ ಏನು ಮಾಡೋದು? ದೋಣಿಯಲ್ಲಿ ವಾಂತಿಗೆ ತಗೊಳ್ಳೋ ಮಾತ್ರೆ ಪರವಾಗಿಲ್ವಾ?

ನೀಲಿತಳ:
ಗಾಬರಿ ಮೊದಲು ಉಸಿರಿನಲ್ಲಿ ಕಾಣುತ್ತದೆ. ಚಿಕ್ಕ ಚಿಕ್ಕ ಉಸಿರು ಗಂಟಲಿನಲ್ಲೇ ಆಡುತ್ತಿರುತ್ತದೆ, ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಹೋಗಲ್ಲ, ಅದು ಏರಿದಷ್ಟೂ ಗಾಳಿ ಸಾಲದು ಅನ್ನಿಸುತ್ತದೆ. ಸಿಲಿಂಡರ್‌ನಲ್ಲಿ 150 ಬಾರ್ ಇದ್ದರೂ ಹಾಗೇ ಅನ್ನಿಸುತ್ತದೆ. ಕಾಲು ಬಡಿಯೋದು ನಿಲ್ಲಿಸಿ, ಹಗ್ಗ ಅಥವಾ ಇನ್‌ಸ್ಟ್ರಕ್ಟರ್ ಕೈ ಹಿಡಿಯಿರಿ, ನಾಲ್ಕು ಎಣಿಸುತ್ತಾ ಎಳೆದು ಆರು ಎಣಿಸುತ್ತಾ ಬಿಡಿ. ನಾಲ್ಕೈದು ಸುತ್ತಿನಲ್ಲಿ ಇಳಿಯದಿದ್ದರೆ ಹೆಬ್ಬೆರಳು ಮೇಲೆತ್ತಿ (ಮೇಲೆ ಹೋಗೋಣ ಅನ್ನುವ ಸನ್ನೆ), ಇಬ್ಬರೂ ನಿಧಾನ ಮೇಲೆ ಬನ್ನಿ, ನಿಮಿಷಕ್ಕೆ 9 ಮೀಟರ್ ದಾಟದಂತೆ. ಉಸಿರು ಹಿಡಿದು ಮೇಲೆ ನುಗ್ಗುವುದೇ ನಿಜವಾದ ಅಪಾಯ. 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡರಷ್ಟಾಗುತ್ತದೆ, ಹೊರಬಿಡದಿದ್ದರೆ ಶ್ವಾಸಕೋಶ ಹರಿಯುತ್ತದೆ.

ಕೋರ್ಸ್‌ಗೆ ಮುಂಚೆ ಈಜುಕೊಳದ ಆಳ ಕಮ್ಮಿ ಇರೋ ಕಡೆ, ಇನ್‌ಸ್ಟ್ರಕ್ಟರ್ ಜೊತೆ, ಮಾಸ್ಕ್ ತೆಗೆದು ಒಂದು ನಿಮಿಷ ರೆಗ್ಯುಲೇಟರ್‌ನಲ್ಲೇ ಉಸಿರಾಡೋದನ್ನು ಮತ್ತೆ ಮತ್ತೆ ಮಾಡಿ. ಮೂಗಿಗೆ ನೀರು ತಾಗಿದಾಗ ಗಂಟಲು ಮುಚ್ಚಿಕೊಳ್ಳುತ್ತದಲ್ಲ, ಹೊಸಬರಲ್ಲಿ ಗಾಬರಿ ಹೆಚ್ಚಾಗಿ ಅಲ್ಲಿಂದಲೇ ಶುರು. ಕತ್ತು ಬಿಗಿಯುವ ವೆಟ್‌ಸೂಟ್ ಬದಲಾಯಿಸಿಕೊಳ್ಳಿ. ಮುಳುಗಲೆಂದು ಕಟ್ಟಿಕೊಳ್ಳುವ ತೂಕ ಹೆಚ್ಚಾದರೂ ಏದುಸಿರು ಬರುತ್ತದೆ. ಬಿಸಿಡಿ (ಗಾಳಿ ತುಂಬಿ ತೇಲಲು ಬಳಸುವ ಜಾಕೆಟ್) ಖಾಲಿ ಮಾಡಿ ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು.

ಅಲೆಮಾಪಕ:
ವಾಂತಿ ಮಾತ್ರೆಗಳಲ್ಲಿ ಪ್ರೊಮೆಥಾಜಿನ್, ಡೈಮೆನ್‌ಹೈಡ್ರಿನೇಟ್ ಚೆನ್ನಾಗಿ ನಿದ್ದೆ ತರುತ್ತವೆ. ‘ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತಲ್ಲ’ ಅಂತ ಇವನ್ನು ಹಗುರವಾಗಿ ತಗೋಬೇಡಿ. ಆ ಹಾಳೆಯಲ್ಲಿ ಇವುಗಳ ಹೆಸರನ್ನೂ ಸೇರಿಸಿ ಡಾಕ್ಟರಿಗೆ ತೋರಿಸಿ.